ಬೆಂಜಮಿನ್ ಮತ್ತು ನನ್ನ ಒಂದೂವರೆ ದಿನದ ತರಬೇತಿ

ಮಕ್ಕಳನ್ನು ಆಟ ಆಡಿಸುತ್ತಲೇ ದೇವರ ಹತ್ತಿರ ಕರೆದುಕೊಂಡು ಹೋಗುವುದು ಏನೇನೂ ಕಷ್ಟವಲ್ಲ. ಎರಡು ದಿನದ ತರಬೇತಿ ಸಾಕು. ನನಗಂತೂ ಒಂದೂವರೆ ದಿನಕ್ಕೇ ಸಾಕಾಯಿತು. ಎರಡನೆಯ ದಿನ ಮಧ್ಯಾಹ್ನ ಊಟ ಮುಗಿಸಿ, ಸರ್ಟಿಫಿಕೇಟನ್ನು ಮುಂಚಿತವಾಗಿಯೇ ಇಸಿದುಕೊಂಡು, ಶಿವಮೊಗ್ಗದಿಂದ ಶಿಕಾರಿಪುರದ ಬಸ್ಸು ಹತ್ತಿಬಿಟ್ಟೆ. ಉಳಿದಿದ್ದು ಒಂದೇ ಒಂದು ಪಾಠ: ‘ಮಕ್ಕಳು ತಿರುಗಿ ಪ್ರಶ್ನೆ ಕೇಳಿದಾಗ ಏನು ಮಾಡಬೇಕು’. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ನನ್ನನ್ನು ಅಂದಿನವರೆಗೆ ಯಾವ ಮಗುವೂ ತಿರುಗಿ ಪ್ರಶ್ನೆ ಕೇಳಿದ್ದಿಲ್ಲ. ಅದಕ್ಕೆ ಬೇಕಾದ ಏರ್ಪಾಟೆಲ್ಲ ನನ್ನ ಮುಖದಲ್ಲೇ ಇದೆ!

ನಮ್ಮ ಚರ್ಚಿನ ಸಭೆ ಚಿಕ್ಕದು. ಶಿಕಾರಿಪುರಕ್ಕೂ ಸೊರಬಕ್ಕೂ ಸೇರಿ ಒಬ್ಬರೇ ಅಯ್ಯನವರು. ಸಭಾಪಾಲಕರನ್ನು ನಾವು ಕರೆಯುವುದೇ ಹಾಗೆ. ಬೆಳಿಗ್ಗೆ ನಮಗೆ ಪ್ರಸಂಗ ಹೇಳಿ, ಅದೇ ಪ್ರಸಂಗವನ್ನು ಬೈಕಿನ ಮೇಲೆ ಹಾಕಿಕೊಂಡು ಮಧ್ಯಾಹ್ನ ಸೊರಬಕ್ಕೆ ಹೋಗುತ್ತಾರೆ. ಮಕ್ಕಳ ಸಂಡೇ ಸ್ಕೂಲು ನಮ್ಮ ಮದುವೆಯಾದಾಗಿನಿಂದ ನನ್ನ ಹೆಂಡತಿ ಸುಗುಣಳ ಕೈಯಲ್ಲಿತ್ತು. ಅವಳ ಶಿಕ್ಷಣಪದ್ಧತಿ ಬಹಳ ಸರಳ. ಬೈಬಲ್ ವಚನ ಒಪ್ಪಿಸು, ಬಿಸ್ಕತ್ತು ತಗೋ. ತಪ್ಪಿದರೆ ಅರ್ಧ ಬಿಸ್ಕತ್ತು. ಇಂಥ ಹಳೇಕಾಲದ ವ್ಯವಸ್ಥೆಯನ್ನು ಸಹಿಸಿಕೊಂಡು ನಾನು ಇಷ್ಟು ವರ್ಷ ಹೇಗೆ ಸುಮ್ಮನಿದ್ದೆನೋ!

ತರಬೇತಿಯ ಸಾರ ಇಷ್ಟು. ಮಕ್ಕಳಿಗೆ ಉರು ಹೊಡೆಸಬಾರದು. ಅವರು ಮುಟ್ಟಬೇಕು, ಹುಡುಕಬೇಕು, ಬೆರಗಾಗಬೇಕು. ನಾವು ಮಾತನ್ನು ‘ನನಗೊಂದು ಸೋಜಿಗ’ ಎಂದು ಶುರುಮಾಡಬೇಕು. ಉತ್ತರವನ್ನು ಮಾತ್ರ ಯಾವ ಕಾರಣಕ್ಕೂ ಕೊಡಕೂಡದು. ಕೇಳಿದರೆ ‘ನೀವೇ ಯೋಚಿಸಿ’ ಅನ್ನಬೇಕು. ಊರಿಗೆ ಬಂದ ರಾತ್ರಿ ಊಟಕ್ಕೆ ಕೂತಾಗಲೇ ಪ್ರಯೋಗ ಮಾಡಿದೆ.

“ಸುಗುಣಾ, ನನಗೊಂದು ಸೋಜಿಗ. ಇವತ್ತು ಸಾರು ಯಾಕೆ ಇಷ್ಟು ತೆಳ್ಳಗಿದೆ?”

“ನೀವೇ ಯೋಚ್ನೆ ಮಾಡ್ರಿ,” ಎಂದಳು.

ತರಬೇತಿಗೆ ಹೋಗದೆಯೇ ಅವಳಿಗೆ ಇದು ಹೇಗೆ ಗೊತ್ತಾಯಿತು ಎಂದು ನಾನು ಆಗ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿ ಹಜಾರದ ಗೋಡೆಗೆ ನೇತುಹಾಕಿ, ಸಂಡೇ ಸ್ಕೂಲನ್ನು ವಿಧ್ಯುಕ್ತವಾಗಿ ನನ್ನ ವಶಕ್ಕೆ ತೆಗೆದುಕೊಂಡೆ.

ಮುಂದಿನ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ನಮ್ಮ ಸುಗ್ಗಿ ಹಬ್ಬ. ಆ ದಿನ ಎಲ್ಲರೂ ತಮ್ಮ ಬೆಳೆಯ ಮೊದಲ ಪಾಲು ತಂದು ವೇದಿಯ ಮುಂದೆ ಇಡುತ್ತಾರೆ. ಭತ್ತ, ಮೆಕ್ಕೆಜೋಳ, ಕುಂಬಳಕಾಯಿ, ಕಬ್ಬು, ಕೋಳಿ, ಯಾರಿಗೆ ಏನುಂಟೋ ಅದು. ಆರಾಧನೆ ಮುಗಿದ ಮೇಲೆ ಹೊರಗೆ ಮರದಡಿ ಅದರ ಸವಾಲು, ಅಂದರೆ ಹರಾಜು. ಒಮ್ಮೆ ವೇದಿಯ ಮುಂದೆ ಇಟ್ಟದ್ದನ್ನು ಸವಾಲಿನಲ್ಲಿ ಕೂಗಿ ಪಡೆಯದೆ ಯಾರೂ ಮುಟ್ಟುವಂತಿಲ್ಲ. ಇಟ್ಟವರೂ ಮುಟ್ಟುವಂತಿಲ್ಲ. ಸವಾಲಾದ ಮೇಲೆ ಪ್ರೀತಿಭೋಜನ. ಈ ಸಲ ಸೊರಬದವರು ನಮ್ಮಲ್ಲಿಗೆ ಬರುವ ಸರದಿ. ಹೋದ ಸಲ ಅವರು ಹಾಕಿದ್ದ ಊಟವನ್ನು ನಮ್ಮವರು ಇನ್ನೂ ಮರೆತಿರಲಿಲ್ಲ. ಅವರೂ ನಮ್ಮನ್ನು ಮರೆಯಲು ಬಿಟ್ಟಿರಲಿಲ್ಲ.

ಊಟದ ಹೊಣೆ ನಮ್ಮ ಸಭೆಯ ಹಿರಿಯರಾದ ದೇವದಾಸಪ್ಪನವರದು. ಅವರು ಒಂದು ವಾರ ಮೊದಲೇ ಸಂತೆಯಿಂದ ಕೊಬ್ಬಿದ ಕುರಿಯೊಂದನ್ನು ತಂದು ಚರ್ಚಿನ ಹಿಂದೆ ಕಟ್ಟಿದರು.

“ಹಬ್ಬದ ಹಿಂದಿನ ದಿನ ಹೋದ್ರೆ ಬರೀ ಮೂಳೆ ಸಿಗ್ತಾವ್ರೀ. ಒಂದು ವಾರ ಇಲ್ಲೇ ಮೇಯ್ಲಿ,” ಎಂದರು.

ನಾನು ಕುರಿಯನ್ನು ನೋಡಿದೆ. ಕುರಿ ನನ್ನನ್ನು ನೋಡಿತು. ಮುಟ್ಟಬಹುದಾದ, ಹುಡುಕಬಹುದಾದ, ಜೀವಂತ ಬೋಧನೋಪಕರಣ! ಕಳೆದುಹೋದ ಒಂದು ಕುರಿಯನ್ನು ಕುರುಬ ಹುಡುಕಿ ತರುವ ಬೈಬಲ್ಲಿನ ಕಥೆಗೆ ಇದಕ್ಕಿಂತ ಇನ್ನೇನು ಬೇಕು? ಅದನ್ನು ಅಲ್ಲಿ ಯಾಕೆ ಕಟ್ಟಿದ್ದಾರೆ ಎಂಬುದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಚೆನ್ನಾಗಿ ಗೊತ್ತಿತ್ತು. ಆದರೆ ಅದು ಊಟದ ಸಮಿತಿಗೆ ಸೇರಿದ ವಿಷಯ. ನನ್ನದು ಆತ್ಮಿಕ ಇಲಾಖೆ.

ಹಬ್ಬದ ಹಿಂದಿನ ಭಾನುವಾರ ಮಕ್ಕಳನ್ನು ಮೆಟ್ಟಿಲ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಕುರಿಯನ್ನು ಪಕ್ಕದ ಮೆಕ್ಕೆಜೋಳದ ಹೊಲದೊಳಕ್ಕೆ ಎಳೆದುಕೊಂಡು ಹೋದೆ. ಅಲ್ಲಿ ಬಚ್ಚಿಟ್ಟು ಮೆಲ್ಲನೆ ಬಂದುಬಿಡುವುದು ನನ್ನ ಯೋಜನೆ. ಕುರಿಗೆ ತರಬೇತಿಯಾಗಿರಲಿಲ್ಲ. ಅದು ನನ್ನನ್ನು ನಡುಹೊಲದವರೆಗೆ ಎಳೆದು, ಒಂದು ಸುತ್ತು ಸುತ್ತಿಸಿ, ಹಗ್ಗ ಕಿತ್ತುಕೊಂಡು ಹೊರಟುಹೋಯಿತು. ಎತ್ತ ತಿರುಗಿದರೂ ತಲೆಗಿಂತ ಎತ್ತರದ ಒಣ ದಂಟು! ಮಕ್ಕಳು ‘ಹೋ’ ಎಂದು ನುಗ್ಗಿ ಹುಡುಕಿದರು. ಅವರಿಗೆ ಮೊದಲು ಸಿಕ್ಕಿದ್ದು ನಾನು. ಕುರಿ ಅಷ್ಟರಲ್ಲಿ ಚರ್ಚಿನ ಮೆಟ್ಟಿಲ ಮೇಲೆ ನಿಂತು ನಮ್ಮೆಲ್ಲರಿಗಾಗಿ ಕಾಯುತ್ತಿತ್ತು.

ಆದರೂ ಮಕ್ಕಳ ಸಂತೋಷ ಹೇಳತೀರದು. ಕುರಿಯ ಕುತ್ತಿಗೆಗೆ ಜೋತುಬಿದ್ದರು. ನಾನು ಅಂಗಿಗೆ ಅಂಟಿದ ಒಣ ಎಲೆ, ರವದಿ ಕೊಡವಿಕೊಳ್ಳುತ್ತಾ ಗಂಭೀರವಾಗಿ ಕೇಳಿದೆ: “ನನಗೊಂದು ಸೋಜಿಗ. ಈ ಕುರಿಗೆ ಒಂದು ಹೆಸರಿದ್ದಿದ್ದರೆ ಏನಿರುತ್ತಿತ್ತು?”

“ಬೆಂಜಮಿನ್!” ಎಂದಳು ಪ್ರಿಸಿಲ್ಲಾ. ಎರಡನೇ ಕ್ಲಾಸಿನ ಹುಡುಗಿ. ದೇವದಾಸಪ್ಪನವರ ಮೊಮ್ಮಗಳು.

ಅಡುಗೆಗೆ ತಂದದ್ದಕ್ಕೆ ಹೆಸರಿಡಬಾರದು ಎಂಬ ಸಾಮಾನ್ಯ ತಿಳಿವಳಿಕೆ ಯಾವ ದಡ್ಡನಿಗೂ ಇರುತ್ತದೆ. ನನ್ನ ಹತ್ತಿರ ಸರ್ಟಿಫಿಕೇಟ್ ಇತ್ತು.

“ಇನ್ನೊಂದು ಸೋಜಿಗ. ಕುರುಬ ಕುರಿಯನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದ. ಆಮೇಲೆ ಏನಾಗಿರಬಹುದು?”

“ಅಕ್ಕಪಕ್ಕದೋರ್ನೆಲ್ಲ ಕರೆದ. ಎಲ್ರೂ ಖುಷಿ ಪಟ್ರು,” ಎಂದಳು ಪ್ರಿಸಿಲ್ಲಾ. ಸುಗುಣಳ ಬಿಸ್ಕತ್ತಿನ ಫಲ! ಆಮೇಲೆ ಕೇಳಿದಳು, “ಅಂಕಲ್, ಅಷ್ಟು ಜನಕ್ಕೆ ಊಟಕ್ಕೆ ಏನ್ ಮಾಡಿಸಿದ್ದ?”

ಅರ್ಧ ದಿನದ ಪಾಠ ಬಿಟ್ಟು ಬಸ್ಸು ಹತ್ತಿದ್ದು ಆಗ ನೆನಪಾಯಿತು. ಕೈಯಲ್ಲಿದ್ದ ಒಂದೇ ಆಯುಧ ಎತ್ತಿದೆ.

“ನೀವೇ ಯೋಚಿಸಿ.”

ಅವರು ಯೋಚಿಸಿದರು. ಇಡೀ ವಾರ ಯೋಚಿಸಿದರು. ದಿನಾ ಸಂಜೆ ಶಾಲೆ ಬಿಟ್ಟ ಕೂಡಲೇ ಬೆಂಜಮಿನ್ ಹತ್ತಿರ ಬಂದು ಹುಲ್ಲು ತಿನ್ನಿಸಿದರು, ಮೈ ತೊಳೆದರು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಮನೆಯ ಪ್ರಾರ್ಥನೆಯಲ್ಲಿ ಅಪ್ಪ, ಅಮ್ಮ, ಅಜ್ಜ, ಅಜ್ಜಿಯ ಜೊತೆ ಬೆಂಜಮಿನ್ ಹೆಸರೂ ಬರತೊಡಗಿತು. ನಾನು ಫೋಟೋ ತೆಗೆದು ‘ಬೆರಗಿನಿಂದ ಭಕ್ತಿಗೆ’ ಎಂದು ಬರೆದು ಸಭೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ದೇವದಾಸಪ್ಪನವರು ಹೆಬ್ಬೆರಳು ಒತ್ತಿ, “ಮಕ್ಳು ಚೆನ್ನಾಗಿ ಮೇಯಿಸ್ಯಾವ್ರೀ, ಮೈ ಹಿಡ್ಕಂಡೈತೆ,” ಎಂದು ಧ್ವನಿಸಂದೇಶ ಕಳಿಸಿದರು.

“ರೀ, ಭಾನುವಾರ ಊಟಕ್ಕೆ ಏನು ಅಂತ ಮಕ್ಳಿಗೆ ಹೇಳಿದೀರಾ?” ಎಂದು ಸುಗುಣ ಕೇಳಿದಳು.

“ಅದು ನನ್ನ ಇಲಾಖೆಯಲ್ಲ,” ಎಂದೆ.

ಅವಳು ಸೌಟು ಹಿಡಿದು ಒಳಗೆ ಹೋದಳು.

ಹಬ್ಬದ ಬೆಳಿಗ್ಗೆ ಎದ್ದಾಗ ಸುಗುಣ, “ಬಚ್ಚಲಿಗೆ ಹೋಗ್ಬೇಡ್ರಿ, ಹಂಡೆ ಸೋರ್ತಾ ಐತೆ. ಮುಖ ತೊಳ್ಕೊಂಡು ಹೊರಡ್ರಿ,” ಎಂದಳು. ಹಬ್ಬದ ದಿನ ಸ್ನಾನವಿಲ್ಲದೆ ಹೋಗುವುದೇ ಎಂದು ಗೊಣಗುವಷ್ಟರಲ್ಲಿ ಚರ್ಚಿನಿಂದ ಫೋನ್ ಬಂತು. ಅಡುಗೆಯ ಇಸ್ಮಾಯಿಲ್ ಭಾಯಿ.

“ಸಾರ್, ಹಗ್ಗ ಐತೆ, ಕುರಿ ಇಲ್ಲ. ಮಸಾಲೆ ಎಲ್ಲ ರುಬ್ಬಿ ಆಗೈತೆ. ಹಗ್ಗದ್ದು ಬಿರಿಯಾನಿ ನನಗೆ ಬರಾಂಗಿಲ್ಲ ನೋಡ್ರಿ.”

ಓಡಿದೆ. ಆಮೇಲಿನ ದೃಶ್ಯವನ್ನು ನೀವೇ ಕಲ್ಪಿಸಿಕೊಳ್ಳಿ. ಬಿಳಿ ನಿಲುವಂಗಿ ಎತ್ತಿಕಟ್ಟಿದ ಅಯ್ಯನವರು, ಟಾರ್ಚು ಹಿಡಿದ ದೇವದಾಸಪ್ಪನವರು, ಗಾನವೃಂದದವರು, ಸ್ನಾನವಿಲ್ಲದ ನಾನು, ಎಲ್ಲರೂ ಮೆಕ್ಕೆಜೋಳದೊಳಗೆ! “ಬೆಂಜಮಿನ್! ಬೆಂಜಮಿನ್!” ಎಂದು ಸಭೆಯ ಹಿರಿಯರು ಕೂಗುತ್ತಿರುವಾಗಲೇ ಸೊರಬದವರ ಟೆಂಪೋ ಬಂದು ನಿಂತಿತು. ಅದರಿಂದಿಳಿದ ಅವರ ಕಾರ್ಯದರ್ಶಿ, “ಯಾರ್ ಮಾರಾಯ್ರೆ, ಮಗು ಏನಾದ್ರೂ ಕಳ್ದೋಯ್ತಾ?” ಎಂದು ಪಾಪ, ತಾವೂ ಹೊಲಕ್ಕೆ ಇಳಿದರು. ಕಳೆದುಹೋದ ಕುರಿಯ ಕಥೆಯನ್ನು ಮಕ್ಕಳಿಗೆ ಆಡಿಸಲು ಹೋಗಿದ್ದೆ. ಎರಡು ತಾಲ್ಲೂಕಿನ ದೊಡ್ಡವರು ಆಡಿದರು.

ಮಕ್ಕಳು ಮಾತ್ರ ಮುಂದಿನ ಬೆಂಚಿನಲ್ಲಿ ಕೈಕಟ್ಟಿ, ಉಸಿರೆತ್ತದೆ ಕೂತಿದ್ದರು. ಮೌನವೇ ಬೆರಗಿನ ಗುರುತು ಎಂದು ತರಬೇತಿಯಲ್ಲಿ ಹೇಳಿದ್ದರು. “ನೋಡಿ, ನಮ್ಮ ಮಕ್ಕಳ ಧ್ಯಾನ,” ಎಂದು ಸೊರಬದ ಕಾರ್ಯದರ್ಶಿಗೆ ಹೆಮ್ಮೆಯಿಂದ ತೋರಿಸಿದೆ.

ಕುರಿ ಸಿಗದೆಯೇ ಆರಾಧನೆ ಶುರುವಾಯಿತು. ಕಾಣಿಕೆಯ ಮೆರವಣಿಗೆ ಬಂತು. ಭತ್ತದ ತೆನೆ ಬಂತು, ಕಬ್ಬು ಬಂತು, ಕುಂಬಳಕಾಯಿಗಳು ಬಂದವು. ಕಟ್ಟಕಡೆಗೆ ಮಕ್ಕಳೆಲ್ಲ ಎದ್ದು ಹೊರಗೆ ಹೋಗಿ ಸಾಲಾಗಿ ಒಳಬಂದರು. ನಡುವೆ ಹೊಸ ಹಾರ ಹಾಕಿಕೊಂಡ ಬೆಂಜಮಿನ್! ಹಗ್ಗ ಪ್ರಿಸಿಲ್ಲಾಳ ಕೈಯಲ್ಲಿ. ಹಿಂದೆ, ಸೆರಗು ತಲೆಯ ಮೇಲೆ ಹೊದ್ದು, ಏನೂ ಅರಿಯದವಳಂತೆ ಸುಗುಣ. ಕುರಿಯಿಂದ ನಮ್ಮ ಮನೆಯ ಸ್ನಾನದ ಸೋಪಿನ ಪರಿಮಳ ಬರುತ್ತಿತ್ತು.

ಬಚ್ಚಲು! ಹಂಡೆ ಸೋರುತ್ತಿರಲಿಲ್ಲ!

ಅಯ್ಯನವರಿಗೆ ಬೇರೆ ದಾರಿ ಇರಲಿಲ್ಲ. ವೇದಿಯ ಮುಂದೆ ಬಂದದ್ದನ್ನು ಆಶೀರ್ವದಿಸಿದರು. ದೇವದಾಸಪ್ಪನವರು ತಾವೇ ತಂದ ಕುರಿಯನ್ನು ಈಗ ತಾವೇ ಸವಾಲು ಕೂಗಿ ಪಡೆಯಬೇಕಾಯಿತು. ಹೊರಗೆ ಮರದಡಿ ಮೊದಲ ಕೂಗು ಅವರೇ ಹಾಕಿದರು. ಅವರ ಹಿಂದೆ ಇಸ್ಮಾಯಿಲ್ ಭಾಯಿ ಕತ್ತಿಯನ್ನು ಚೀಲದಲ್ಲಿಟ್ಟುಕೊಂಡು ಮರ್ಯಾದೆಯಿಂದ ಕಾಯುತ್ತಿದ್ದರು. ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ನಾನು ಮರದ ಕಡೆ ತಿರುಗಿದೆ.

“ಅಂಕಲ್,” ಎಂದಳು ಪ್ರಿಸಿಲ್ಲಾ, ಎರಡೂ ಊರಿನವರಿಗೆ ಕೇಳುವ ಹಾಗೆ. “ನಂಗೊಂದು ಸೋಜಿಗ. ಅಷ್ಟೆಲ್ಲ ಹುಡುಕಿದ್ದು, ಹೆಗಲ ಮೇಲೆ ಹೊತ್ಕೊಂಡು ಬಂದಿದ್ದು... ತಿನ್ನೋಕಾ?”

‘ನೀವೇ ಯೋಚಿಸಿ’ ಎನ್ನಲು ಅವಳ ಕಡೆ ತಿರುಗಿದೆ. ಅವಳ ಕಣ್ಣು ತುಂಬಿತ್ತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಊಟ ಕೆಟ್ಟರೆ ಸೊರಬದವರು ಒಂದು ವರ್ಷ ಆಡಿಕೊಂಡಾರು. ಈ ಹುಡುಗಿ ಮಾತ್ರ ನಮ್ಮ ಯಾವ ಕಥೆಯನ್ನೂ ಇನ್ನೆಂದೂ ನಂಬಲಾರಳು.

ನನ್ನ ಕೈ ಮೇಲೆದ್ದಿತು. ಇದನ್ನು ನನ್ನ ಹೃದಯಪರಿವರ್ತನೆ ಎಂದು ಬರೆಯಬೇಕೆಂಬ ಆಸೆ ಬಹಳ ಇದೆ. ಮೊಣಕೈ ಹಿಡಿದು ಎತ್ತಿದವಳು ಹಿಂದೆ ನಿಂತಿದ್ದ ಸುಗುಣ.

ದೇವದಾಸಪ್ಪನವರು ಮತ್ತೊಂದು ಕೂಗಿಗೆ ಬಾಯಿ ತೆರೆದರು. ಮೊಮ್ಮಗಳ ಮುಖ ನೋಡಿದರು. ಮುಚ್ಚಿದರು. ಸವಾಲು ನನ್ನ ಹೆಸರಿಗೆ ನಿಂತಿತು.

ಆಮೇಲೆ ಇಸ್ಮಾಯಿಲ್ ಭಾಯಿ ಸವಾಲಿನ ಕುಂಬಳಕಾಯಿಗಳನ್ನು ಹೆಚ್ಚಿ, ರುಬ್ಬಿಟ್ಟ ಮಸಾಲೆಗೆ ಹಾಕಿ ದಮ್ ಕಟ್ಟಿದರು. ಸೊರಬದ ಕಾರ್ಯದರ್ಶಿ ಎಲೆಯನ್ನು ಅತ್ತಿಂದಿತ್ತ ಕೆದಕಿ, “ಘಮ ಭಾರಿ ಇದೆ ಮಾರಾಯ್ರೆ. ಪೀಸ್ ಎಲ್ಲಿ?” ಎಂದು ಕೇಳಿದರು. ಪೀಸು ಮರದಡಿ ನಿಂತು ಕಬ್ಬಿನ ಸೋಗೆ ಅಗಿಯುತ್ತಿತ್ತು.

ಆ ದಿನ ಸಂಜೆ ಸುಗುಣಳನ್ನು ಕೇಳಿದೆ, “ಮಕ್ಕಳು ನನ್ನ ಹತ್ತಿರ ಬರದೆ ನಿನ್ನ ಹತ್ತಿರ ಯಾಕೆ ಬಂದರು?”

“ನಿಮ್ಮನ್ನ ಕೇಳಿದ್ರೆ ಯೋಚ್ನೆ ಮಾಡಿ ಅಂತೀರಂತೆ. ಅವು ಯೋಚ್ನೆ ಮಾಡಿ ಆಗಿತ್ತು. ಬಚ್ಚಲು ಬೇಕಿತ್ತು.”

ಈಗ ಸಂಡೇ ಸ್ಕೂಲು ಮತ್ತೆ ಸುಗುಣಳ ಕೈಯಲ್ಲಿದೆ. ಬಿಸ್ಕತ್ತೂ ಮರಳಿ ಬಂದಿದೆ. ಆದರೆ ಅವಳು ವಚನ ಒಪ್ಪಿಸಿಕೊಂಡ ಮೇಲೆ ಮಕ್ಕಳನ್ನು ಆಟಕ್ಕೆ ಹೊರಗೆ ಬಿಡುತ್ತಾಳೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾಳೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತಾಳೆ. ಬೆಂಜಮಿನ್ ನಮ್ಮ ಹಿತ್ತಿಲಲ್ಲಿದ್ದಾನೆ. ಒಮ್ಮೆ ಹಜಾರಕ್ಕೆ ನುಗ್ಗಿ ಗೋಡೆಯ ಸರ್ಟಿಫಿಕೇಟನ್ನು ಮೂಸಿ ನೋಡಿ, ತಿನ್ನಲು ಯೋಗ್ಯವಲ್ಲವೆಂದು ಬಿಟ್ಟುಬಂದ. ಭಾನುವಾರ ಮಕ್ಕಳಿಗೆ ಆಡಲು ಅವನನ್ನು ಕರೆದೊಯ್ದು ಹಗ್ಗ ಹಿಡಿದು ನಿಲ್ಲುವುದು ನನ್ನ ಸದ್ಯದ ಸೇವೆ.

ಮೊನ್ನೆ ಪ್ರಿಸಿಲ್ಲಾ ಬಂದು ಪಕ್ಕದಲ್ಲಿ ನಿಂತಳು. “ಅಂಕಲ್, ಆ ಕುರುಬ ಅವತ್ತು ಊಟಕ್ಕೆ ಏನ್ ಮಾಡಿಸಿದ್ದ?”

“ಕುಂಬಳಕಾಯಿ ಬಿರಿಯಾನಿ,” ಎಂದೆ.

ಅವಳು ತಲೆದೂಗಿದಳು. ಕೈಯಲ್ಲಿದ್ದ ಬಿಸ್ಕತ್ತು ಮುರಿದು ಒಂದು ತುಂಡು ನನಗೆ ಕೊಟ್ಟಳು, ಇನ್ನೊಂದು ಬೆಂಜಮಿನ್‌ಗೆ.

ದೊಡ್ಡ ತುಂಡು ಬೆಂಜಮಿನ್‌ಗೆ.