ಮೂರು ಚುಕ್ಕೆಯ ಚಾಕು

ಈ ಜಗತ್ತಿನಲ್ಲಿ ಚಾಕು ಹಿಡಿಯುವವರು ಬೇಕಾದಷ್ಟು ಮಂದಿ; ಚಾಕುವನ್ನು ಅರಿತವರು ಬೆರಳೆಣಿಕೆಯಷ್ಟು. ಆ ಬೆರಳುಗಳಲ್ಲಿ ಹೆಬ್ಬೆರಳು ನಾನಾಗಬೇಕೆಂದು ಆಫೀಸಿನ ಊಟದ ಮೇಜಿನಲ್ಲಿ ಪಣ ತೊಟ್ಟೆ!

ನಮ್ಮ ಮ್ಯಾನೇಜರ್ ಸಾಹೇಬರಿಗೆ ಕೈಯಿಂದ ಬಡಿದು ಮಾಡಿದ ಚಾಕುಗಳನ್ನು ಕೂಡಿಡುವ ಹುಚ್ಚು. ಮಡಚುವ ಚಾಕು ಅವರಿಗೆ ಆಗದು. ಅಲಗು ಹಿಡಿಯೊಳಗೆ ಹೊಕ್ಕು ಅಲ್ಲಾಡದೆ ನಿಂತಿರಬೇಕು, ಮಾಡಿದವನ ಗುರುತು ಮೇಲಿರಬೇಕು. ಅಂಥವು ಅವರ ಮನೆಯ ಗಾಜಿನ ಬೀರುವಿನಲ್ಲಿ ದೀಪದ ಕೆಳಗೆ ಸುಖವಾಗಿ ಮಲಗಿವೆಯಂತೆ. ಅವರು ವರ್ಣಿಸುತ್ತಾ ಹೋದರು. ನನ್ನ ಬಾಯಿಯಾದರೂ ಸುಮ್ಮನಿರಬಾರದೆ?

"ನಮ್ಮನೇಲೂ ಒಂದಿದೆ ಸಾರ್. ಅಪ್ಪಟ ಕೈಕೆಲಸ. ಗುರುತೂ ಇದೆ, ಮೂರು ಚುಕ್ಕೆ!"

ಸಾಹೇಬರ ತುತ್ತು ಬಾಯಿಯ ಹತ್ತಿರವೇ ನಿಂತಿತು. "ಮೂರು ಚುಕ್ಕೇನಾ? ಆ ಗುರುತು ನಾನು ಕಂಡೇ ಇಲ್ಲವಲ್ರೀ! ಭಾನುವಾರ ಸಂಜೆ ಬಂದೆ ಅಂತ್ಲೇ ತಿಳ್ಕೊಳ್ಳಿ."

ಚಾಕು ಇದ್ದದ್ದು ನಿಜ, ಆದರೆ ನನ್ನದಲ್ಲ. ನಾವು ಸಂಸಾರ ಹೂಡಿದಾಗ ಅತ್ತೆಯವರು ತಾವು ಬಳಸುತ್ತಿದ್ದ ಚಾಕುವನ್ನೇ ಪಾತ್ರೆಸಾಮಾನಿನ ಜೊತೆ ಮಗಳಿಗೆ ಕೊಟ್ಟಿದ್ದರು. ಅದು ಕೈಗೆ ಬರದೆ ನನ್ನವಳು ಒಂದು ಈರುಳ್ಳಿಯನ್ನೂ ಹೆಚ್ಚುವುದಿಲ್ಲ. ಒಮ್ಮೆ ಸೇಬು ಕತ್ತರಿಸಿಕೊಳ್ಳುವಾಗ ಅದರ ಮೇಲಿನ ಚುಕ್ಕೆಗಳು ನನ್ನ ಕಣ್ಣಿಗೆ ಬಿದ್ದಿದ್ದವು. ಅಷ್ಟೇ ನನ್ನ ಸಂಶೋಧನೆ.

ಭಾನುವಾರ ಬೆಳಿಗ್ಗೆ ಅಡುಗೆಮನೆಗೆ ನುಗ್ಗಿ ಘೋಷಿಸಿದೆ. "ಇವತ್ತಿಂದ ಈ ಚಾಕು ಯಾರೂ ಮುಟ್ಟಕೂಡದು!"

"ಮತ್ತೆ ಈರುಳ್ಳಿ?"

"ಈರುಳ್ಳೀನಾ? ಇದು ಕಲೆ ಕಣೇ, ಕಲೆ!"

"ಹೌದ್ರೀ, ಕಲೆ ಇದೆ. ನಿನ್ನೆ ಬಾಳೆಕಾಯಿ ಹೆಚ್ಚಿದ್ದೆ, ತೊಳೆದ್ರೂ ಹೋಗ್ಲಿಲ್ಲ."

ಇಂಥವಳಿಗೆ ಏನು ಹೇಳುವುದು! ಸಾಹೇಬರು ಬರುವ ವಿಷಯ ತಿಳಿಸಿದೆ. ಇಳಿಹೊತ್ತಿಗೆ ತಿಂಡಿ ತರಲು ಅಂಗಡಿಗೆ ಹೊರಟವಳು ಬಾಗಿಲಲ್ಲಿ ನಿಂತು ಬೆರಳೆತ್ತಿದಳು. "ನೋಡೋದಾದ್ರೆ ದೂರದಿಂದ ನೋಡಿ. ಅದು ನಮ್ಮಮ್ಮನ ಕೈಯಲ್ಲಿ ಇದ್ದದ್ದು. ಏನಾದ್ರೂ ಆದ್ರೆ ನಾನು ಮನುಷ್ಯಳಾಗಿರಲ್ಲ!"

ಅವಳು ಹೋದ ಕೂಡಲೇ ಮೊಬೈಲಿನಲ್ಲಿ ವಿಡಿಯೋ ಹುಡುಕಿ ಒಬ್ಬ ಪರಿಣತನನ್ನು ಹಿಡಿದೆ. ಬೆರಳ ಮೇಲೆ ಚಾಕು ಸಮತೂಕವಾಗಿ ನಿಲ್ಲಬೇಕು ಎಂದ. ನಿಲ್ಲಿಸಿದೆ. ಅದು ನನ್ನ ಕಾಲ ಹೆಬ್ಬೆರಳನ್ನು ಕೂದಲೆಳೆಯ ಅಂತರದಲ್ಲಿ ಬಿಟ್ಟು ಕಾಲೊರೆಸಿಗೆ ನಾಟಿಕೊಂಡು ನಿಂತಿತು. ನಿಂತಿತಲ್ಲ, ಪಾಸು! ಅಲಗಿನ ಮೇಲೆ ಸುತ್ತಿಗೆ ಪೆಟ್ಟಿನ ಗುರುತಿರಬೇಕು ಎಂದ. ಇತ್ತು. ಕೊನೆಗೆ ಆ ಮಹಾಶಯ ದನಿ ತಗ್ಗಿಸಿ, ದೊಡ್ಡ ಕುಶಲಕರ್ಮಿಗಳು ತಮ್ಮ ಹೆಸರನ್ನು ಹಿಡಿಯ ಒಳಗೆ ಬಚ್ಚಿಡುತ್ತಾರೆ ಎಂದ. ನನ್ನ ಮೈ ಜುಮ್ಮೆಂದಿತು. ಸುತ್ತಿಗೆ ತಂದು ಹಿಡಿಯ ಮೊಳೆಗಳನ್ನು ಹೊಡೆದು ಹೊರಕ್ಕೆ ದಬ್ಬಿದೆ.

ಟಪ್ಪೆಂದು ಹಿಡಿ ಎರಡು ಹೋಳಾಯಿತು. ಒಳಗೆ ಹೆಸರೂ ಇಲ್ಲ, ಉಸಿರೂ ಇಲ್ಲ. ಬರೀ ಕೊಳೆ!

ಈಗ ಹೆಂಡತಿ ಬರುವುದರೊಳಗೆ ಅದನ್ನು ಮೊದಲಿನಂತೆ ಮಾಡಬೇಕಿತ್ತು. ಮೊಳೆಗಳು ಸೊಟ್ಟಗಾಗಿದ್ದವು. ಡ್ರಾಯರಿನಲ್ಲಿ ಗೋಂದಿನ ಟ್ಯೂಬು ಸಿಕ್ಕಿತು. 'ಕ್ಷಣಾರ್ಧದಲ್ಲಿ ಅಂಟುತ್ತದೆ' ಎಂದು ಅದರ ಮೇಲೆ ಬರೆದಿತ್ತು. ಧಾರಾಳವಾಗಿ ಸುರಿದು, ಹೋಳುಗಳನ್ನು ಅಲಗಿಗೆ ಕೂಡಿಸಿ, ಬಲಗೈಯಲ್ಲಿ ಬಿಗಿಯಾಗಿ ಅದುಮಿ ಹಿಡಿದೆ. ಟ್ಯೂಬು ಕೊಟ್ಟ ಮಾತಿಗೆ ತಪ್ಪಲಿಲ್ಲ. ಹಿಡಿ ಅಲಗಿಗೆ ಅಂಟಿತು, ನಾನು ಹಿಡಿಗೆ ಅಂಟಿದೆ!

ಎಳೆದೆ, ಜಗ್ಗಿದೆ, ಗೋಗರೆದೆ. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಎಡಗೈಯಲ್ಲಿ ಬಾಗಿಲು ತೆರೆದರೆ ಸಾಹೇಬರು! ಕೈಯಲ್ಲಿ ಭೂತಗನ್ನಡಿ, ಮುಖದಲ್ಲಿ ಮಂದಹಾಸ. ಮಂದಹಾಸ ಹೆಚ್ಚು ಹೊತ್ತು ಉಳಿಯಲಿಲ್ಲ.

"ಬನ್ನಿ ಸಾರ್, ಬನ್ನಿ!" ಎಂದು ಸಂಭ್ರಮದಿಂದ ಕೈ ಬೀಸಿದೆ. ಕೈಯ ಜೊತೆ ಚಾಕುವೂ ಬೀಸಿತು.

ಸಾಹೇಬರು ಮೆಟ್ಟಿಲಿಳಿದು ಗೋಡೆಗೆ ಒರಗಿದರು. "ಮೊದಲು ಅದನ್ನ ಕೆಳಗಿಡ್ರೀ!"

"ಇಡೋಕಾಗಲ್ಲ ಸಾರ್!"

"ಕೂತು ಮಾತಾಡೋಣ. ರಜೆ ವಿಷಯಾನಾ? ನಾಳೇನೇ ಕೊಡ್ತೀನಿ! ಎಷ್ಟು ಬೇಕಾದ್ರೂ ತಗೊಳ್ಳಿ!"

ಅವರ ಹಿಂದೆಯೇ ಚೀಲ ಹಿಡಿದು ನನ್ನವಳು ಮೆಟ್ಟಿಲೇರಿ ಬಂದಳು. ಚಾಕು ನೋಡಿದಳು, ಸೀಳಿ ಅಂಟಿದ ಹಿಡಿ ನೋಡಿದಳು. "ಅಮ್ಮನ ಚಾಕು..." ಎಂದಷ್ಟೇ ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಕಣ್ಣು ಒದ್ದೆಯಾದದ್ದು ಕಂಡು ನನಗೆ ನಿಜಕ್ಕೂ ಸಂಕಟವಾಯಿತು.

ಕೈ ಗೋಂದಿಗೆ ಅಂಟಿಕೊಂಡದ್ದನ್ನು ಒದರಿದ ಮೇಲೆ ಸಾಹೇಬರಿಗೆ ಧೈರ್ಯ ಬಂತು. ಒಳಗೆ ಬಂದು ನನ್ನ ಕೈಯನ್ನು ಮೇಜಿನ ಮೇಲಿಟ್ಟು ಭೂತಗನ್ನಡಿ ಹಿಡಿದು ಬಾಗಿದರು. "ಸ್ವಲ್ಪ ತಿರುಗಿ. ಇನ್ನೂ ಸ್ವಲ್ಪ." ಅಲಗಿನ ಇನ್ನೊಂದು ಮಗ್ಗುಲು ಅವರಿಗೆ ಕಾಣಬೇಕಾದರೆ ನಾನು ಸೋಫಾದ ಮೇಲೆ ಅಡ್ಡಬೀಳಬೇಕಾಯಿತು. ಬಿದ್ದೆ.

"ಅಲಗು ಅಪ್ಪಟ ಕೈಕೆಲಸ ರೀ! ಒಳ್ಳೇ ಕಮ್ಮಾರನೇ ಬಡಿದಿದ್ದಾನೆ. ಹಳೇ ಹಿಡಿ ಹಾಗೇ ಇದ್ದಿದ್ರೆ ಒಳ್ಳೇ ಬೆಲೆ ಹೇಳ್ತಿದ್ದೆ. ಯಾವ ಪುಣ್ಯಾತ್ಮ ಬಿಚ್ಚಿದ್ದು ಇದನ್ನ?"

ಪುಣ್ಯಾತ್ಮನ ಕೈ ಅವರ ಕೈಯಲ್ಲೇ ಇತ್ತು.

"ಆದ್ರೆ ಈ ಮೂರು ಚುಕ್ಕೆ ಯಾರದ್ದು?" ಎಂದು ಅವರು ತಲೆ ಕೆರೆದುಕೊಳ್ಳುತ್ತಿರುವಾಗ ನನ್ನವಳು ಚಹಾ ತಂದಳು. ಸಾಹೇಬರು ಸಕ್ಕರೆ ಕಲಕಲು ಚಮಚ ಎತ್ತಿದವರು ಹಾಗೇ ನಿಂತುಬಿಟ್ಟರು. ಭೂತಗನ್ನಡಿ ಚಮಚದ ಮೇಲೆ ಹೋಯಿತು. ಅಲ್ಲಿಂದ ತಟ್ಟೆಗೆ, ತಟ್ಟೆಯಿಂದ ಲೋಟಕ್ಕೆ.

"ಈ ಮಹಾನುಭಾವ ಚಮಚಾನೂ ಮಾಡ್ತಿದ್ನಾ?"

"ಅಯ್ಯೋ, ಅದು ನಮ್ಮಮ್ಮ ಪಾತ್ರೆ ಅಂಗಡೀಲಿ ಹೊಡೆಸಿದ ಗುರುತು ಸಾರ್," ಎಂದಳು ನನ್ನವಳು. "ಅಕ್ಕಪಕ್ಕದವರ ಪಾತ್ರೆ ಜೊತೆ ಅದಲುಬದಲು ಆಗ್ಬಾರದು ಅಂತ. ಹೆಸರು ಹಾಕಿಸಿದ್ರೆ ಅಕ್ಷರಕ್ಕಿಷ್ಟು ಅಂದನಂತೆ, ಚುಕ್ಕೆ ಇಡಿಸಿಬಿಟ್ರು. ಸೌಟು, ಬಾಣಲೆ, ಮುಚ್ಚಳ, ಎಲ್ಲದರ ಮೇಲೂ ಇದೆ."

ಸಾಹೇಬರು ನನ್ನತ್ತ ತಿರುಗಿದರು. "ಇಷ್ಟು ವರ್ಷದಲ್ಲಿ ನಿಮ್ಮ ಕಣ್ಣಿಗೆ ಬಿದ್ದಿಲ್ವೇನ್ರೀ?"

"ಒಂದು ದಿನ ಪಾತ್ರೆ ತೊಳೆದಿದ್ರೆ ತಾನೇ ಸಾರ್!" ಎಂದಳು ನನ್ನವಳು.

ಸಾಹೇಬರಿಗೆ ಚಹಾ ಮೂಗಿಗೇರಿತು. ಕೆಮ್ಮಿ, ನಕ್ಕು, ಕಣ್ಣೊರೆಸಿಕೊಂಡು ಹೇಳಿದರು, "ಕೈನ ಎಳೆದು ಬಿಡಿಸೋಕೆ ಹೋಗ್ಬೇಡಿ ಮೇಡಂ, ಚರ್ಮ ಕಿತ್ತು ಬರುತ್ತೆ. ಬಿಸಿ ಸೋಪಿನ ನೀರಲ್ಲಿ ಕೈ ನೆನೆದ್ರೆ ತಾನಾಗೇ ಬಿಡುತ್ತೆ."

ನನ್ನವಳ ಮುಖ ಅರಳಿದ್ದು ಆಗಲೇ. ಮುಸುರೆ ಪಾತ್ರೆ ತುಂಬಿದ್ದ ಸಿಂಕಿಗೆ ಬಿಸಿನೀರು ಬಿಟ್ಟು, ಸೋಪು ಹಾಕಿ, ನನ್ನನ್ನು ತಂದು ನಿಲ್ಲಿಸಿದಳು. "ಬಲಗೈ ನೆನೀಲಿ. ಎಡಗೈ ಯಾಕೆ ಸುಮ್ನಿರಬೇಕು? ಉಜ್ಜಿ."

ಉಜ್ಜಿದೆ. ಬಾಣಲೆಗೆ ಬರುವಷ್ಟರಲ್ಲಿ ಕೈ ಬಿಟ್ಟಿತು. ಸಾಹೇಬರು ಚಾಕುವನ್ನು ಬಟ್ಟೆಯಲ್ಲಿ ಸುತ್ತಿಕೊಂಡರು. "ಹಿಡಿ ಕೂರಿಸೋ ಒಬ್ರು ನನಗೆ ಗೊತ್ತು ಮೇಡಂ. ನಿಮ್ಮಮ್ಮನ ಚಾಕು ಮತ್ತೆ ಈರುಳ್ಳಿ ಹೆಚ್ಚೋಕೆ ಬರುತ್ತೆ." ಅವಳು ನಕ್ಕಳು. ನನಗೆ ಹೋದ ಜೀವ ಬಂದಂತಾಯಿತು. ಬಾಗಿಲು ದಾಟುವಾಗ ಸಾಹೇಬರು ಮೆಲ್ಲಗೆ ಅಂದರು, "ಈ ಗೋಂದಿನ ವಿಷಯ ಮಾತ್ರ ನಮ್ಮನೆಯವಳ ಕಿವಿಗೆ ಹಾಕ್ಬೇಡಿ, ನಿಮ್ಮ ದಮ್ಮಯ್ಯ!"

ಮಾರನೆಯ ದಿನ ರಾತ್ರಿ ಊಟ ಮುಗಿಸಿ, ಎಲ್ಲ ಮುಗಿಯಿತೆಂದು ಮೊಬೈಲು ಹಿಡಿದು ಕೂತಿದ್ದೆ. ನನ್ನವಳು ಬಂದು ಗೋಂದಿನ ಟ್ಯೂಬನ್ನು ಎದುರಿಗಿಟ್ಟಳು.

"ಏನ್ರೀ, ಅಂಟಿಸ್ಕೊಂಡು ತೊಳೀತೀರೋ, ಹಾಗೇ ತೊಳೀತೀರೋ?"