ನಾರ್ಣಜ್ಜಯ್ಯನ ಲಾಗಿನ್

ಕಾಗದಪತ್ರದ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಬೈಂದೂರಿನಿಂದ ಬ್ರಹ್ಮಾವರದ ತನಕ ಒಬ್ಬರೂ ಇಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಮೂವತ್ತು ವರ್ಷ ಪೋಸ್ಟ್ ಮಾಸ್ಟರ್ ಆಗಿದ್ದವನು ನಾನು. ಒಂದು ಕಾರ್ಡನ್ನೂ ಕಳೆದವನಲ್ಲ! ಹಾಗಾಗಿ ಯಡ್ತರೆಯಲ್ಲಿರುವ ನಮ್ಮ ಕುಟುಂಬದ ನಾಗಬನ ಸಮಿತಿಯ ಕಾರ್ಯದರ್ಶಿ ನಾರ್ಣಜ್ಜಯ್ಯ ತೀರಿಕೊಂಡಾಗ ಎಲ್ಲರೂ ಸೇರಿ ಆ ಹುದ್ದೆಯನ್ನು ನನಗೆ ಕಟ್ಟಿದರು. ಬೇಡ ಬೇಡ ಎಂದು ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಿದರೆ ಎಲ್ಲಿ ಬಿಟ್ಟುಬಿಡುತ್ತಾರೋ ಎಂದು ಹೆದರಿ ಒಪ್ಪಿಕೊಂಡೆ.

ನಾರ್ಣಜ್ಜಯ್ಯ ಎಂದರೆ ಸಾಮಾನ್ಯ ಮನುಷ್ಯರಲ್ಲ. ಕುಟುಂಬದಲ್ಲಿ ಯಾರ ಮದುವೆಯಾದರೂ ಮೊದಲ ಕರೆಯೋಲೆ ಅವರ ಕೈಗೆ ಹೋಗಬೇಕು. ಅವರು ಅದನ್ನು ಬೆಳಕಿಗೆ ಹಿಡಿದು, ಕಣ್ಣು ಸಣ್ಣ ಮಾಡಿ ಓದಿ, ತಲೆ ಆಡಿಸಿದ ಮೇಲೆಯೇ ಉಳಿದವರಿಗೆ ಹಂಚುವುದು. ತೀರಿಕೊಂಡ ಮೇಲೂ ಈ ಕ್ರಮ ತಪ್ಪಲಿಲ್ಲ. ಬನದ ಪಕ್ಕದ ಸಮಿತಿ ಕೋಣೆಯಲ್ಲಿ ಗಂಧದ ಹಾರ ಹಾಕಿದ ಅವರ ಫೋಟೋ ಇದೆ. ಮೊದಲ ಕರೆಯೋಲೆಯನ್ನು ಅದರ ಎದುರು ಇಟ್ಟು ಕೈ ಮುಗಿಯುತ್ತೇವೆ. ಫೋಟೋ ಎಂದೂ ಬೇಡ ಎಂದದ್ದಿಲ್ಲ. ನಾನು ಕಂಪ್ಯೂಟರಿಗೆ ಕೈ ಹಾಕುವವರೆಗೆ!

ಆ ಕೋಣೆಯ ಕಪಾಟಿಗೆ ಒರಲೆ, ಎಂದರೆ ಗೆದ್ದಲು, ಹಿಡಿಯಿತು. ಬನದ ಜಾಗದ ಹಳೆಯ ಪತ್ರದ ಒಂದು ಮೂಲೆಯನ್ನು ತಿಂದೇಬಿಟ್ಟಿತ್ತು. ಇನ್ನು ಎಲ್ಲವನ್ನೂ ಕಂಪ್ಯೂಟರಿಗೆ ಹಾಕುವುದೆಂದೂ, ಇದಕ್ಕೆ ತಕ್ಕ ತಂತ್ರಾಂಶವನ್ನು ಕಾರ್ಯದರ್ಶಿಗಳೇ ಆರಿಸತಕ್ಕದ್ದೆಂದೂ ಸಭೆ ತೀರ್ಮಾನಿಸಿತು. ನಾನು ಒಂದು ತಿಂಗಳು ಯೂಟ್ಯೂಬ್ ನೋಡಿದೆ. ಓಪನ್ ಸೋರ್ಸ್ ಎಂಬ ಜಾತಿಯ ತಂತ್ರಾಂಶಗಳು ಇವೆಯಂತೆ. ಯಾರೋ ಪುಣ್ಯಾತ್ಮರು ಬರೆದು ಊರಿಗೇ ಬಿಟ್ಟದ್ದು. ಯಾರ ಹಂಗೂ ಇಲ್ಲ, ಒಳಗೆ ಹೇಗಿದೆ ಎಂದು ಬೇಕಾದವರು ಬಿಚ್ಚಿ ನೋಡಬಹುದು, ನಮಗೆ ಬೇಕಾದ ಹಾಗೆ ತಿದ್ದಲೂಬಹುದು.

"ಧರ್ಮಕ್ಕೆ ಸಿಕ್ಕಿದ್ದಾ? ಹಾಂಗಾರೆ ಎಂತೋ ಒಂದ್ ಇರತ್ ಕಾಣಿ," ಎಂದಳು ನನ್ನ ಹೆಂಡತಿ ಗಿರಿಜ.

ಮೂರು ತಂತ್ರಾಂಶಗಳನ್ನು ಇಳಿಸಿಕೊಂಡೆ. ಮೊದಲನೆಯದು ನಮ್ಮ ಹಳೆ ಕಂಪ್ಯೂಟರನ್ನು ಮಲಗಿಸಿಬಿಟ್ಟಿತು. ಎರಡನೆಯದರಲ್ಲಿ ಒಂದು ರಶೀದಿ ಹಾಕಬೇಕಾದರೆ ಹದಿನೇಳು ಪ್ರಶ್ನೆಗೆ ಉತ್ತರ ಕೊಡಬೇಕು. ಮೂರನೆಯದು ಬಂಗಾರದಂಥದ್ದು! ಸ್ಕ್ಯಾನ್ ಮಾಡಿದ ಕಾಗದವನ್ನು ತಾನೇ ಓದುತ್ತದೆ, ಯಾವ ಮನೆಯದೆಂದು ನೋಡಿ ತಾನೇ ಜೋಡಿಸುತ್ತದೆ, ಅಕ್ಷರ ಕಾಣದಿದ್ದರೆ ತಾನೇ ತಿರಸ್ಕರಿಸುತ್ತದೆ, ಮನೆಮನೆಗೆ ಇ-ಮೇಲ್ ಕೂಡ ತಾನೇ ಕಳಿಸುತ್ತದೆ. ಇ-ಮೇಲಿನ ಒಕ್ಕಣೆಯನ್ನು ಮಾತ್ರ ನಾವು ಬರೆದುಕೊಡಬೇಕು. ಒಕ್ಕಣೆ! ಪೋಸ್ಟ್ ಮಾಸ್ಟರಿಗೆ ಬೇರೆ ಎಂತ ಬೇಕು? ಮೂರನೆಯದನ್ನೇ ಆರಿಸಿದೆ.

ತೆರೆದ ಕೂಡಲೇ ಅದು ಕೇಳಿದ್ದು, "ಮೊದಲ ಬಳಕೆದಾರರ ಹೆಸರು?"

ಇಲ್ಲಿ ನನ್ನ ಬೆರಳು ನಿಂತಿತು. ನಮ್ಮಲ್ಲಿ ಊಟದ ಮೊದಲ ಬಾಳೆ ಹಿರಿಯರಿಗೆ. ಹೊಸ ಅಕ್ಕಿ ಬಂದರೆ ಮೊದಲ ಹಿಡಿ ಹಿರಿಯರಿಗೆ. ಹಾಗಿರುವಾಗ ಮೊದಲ ಹೆಸರು ನನ್ನದನ್ನು ಬರೆಯುವುದೇ? ಗೋಡೆಯ ಮೇಲೆ ನಾರ್ಣಜ್ಜಯ್ಯ ನನ್ನನ್ನೇ ನೋಡುತ್ತಿದ್ದರು. ಭಕ್ತಿಯಿಂದ ಅವರ ಹೆಸರು ಬರೆದೆ. ಫೋಟೋ ಕೇಳಿತು, ಹಾರ ಸಮೇತ ಅವರದನ್ನೇ ಹಾಕಿದೆ. ಎರಡನೆಯ ಸಾಲಿನಲ್ಲಿ ನನ್ನ ಹೆಸರು, ಆಮೇಲೆ ಉಳಿದ ಮನೆಗಳವರದ್ದು.

ಮನೆಗೆ ಬಂದು ಹೇಳಿದರೆ ಗಿರಿಜ ಸೊಪ್ಪು ಹೆಚ್ಚುವುದನ್ನೇ ನಿಲ್ಲಿಸಿದಳು. "ಹ್ವಾಯ್, ಸತ್ತೋರ್ ಹೆಸ್ರಿಗೆ ಬೀಗದ ಕೈ ಕೊಟ್ರಿಯಾ?"

"ಮೊದ್ಲ್ ಬಾಳೆ ಹಿರಿಯರಿಗಲ್ದಾ ಹೆಣೆ?"

"ಬಾಳೆ ಬೇರೆ, ಬೀಗದ ಕೈ ಬೇರೆ."

ಹೆಂಗಸರಿಗೆ ತಂತ್ರಜ್ಞಾನ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಲ್ಲಿ ಹೇಳುವಷ್ಟು ದಡ್ಡನಲ್ಲ.

ಮಾರನೆಯ ದಿನ ಕೂತು ಮೂರು ಒಕ್ಕಣೆ ಬರೆದೆ. ಕಾಗದ ತಲುಪಿದರೆ: "ತಾವು ಕಳುಹಿಸಿದ್ದನ್ನು ನೋಡಿದ್ದೇನೆ." ತಲುಪದಿದ್ದರೆ: "ತಮ್ಮ ಮನೆಯಿಂದ ಬರಬೇಕಾದುದು ಇನ್ನೂ ಬಂದಿಲ್ಲ. ನಾನು ಕಾಯುತ್ತಿದ್ದೇನೆ." ಅಕ್ಷರ ಕಾಣದಿದ್ದರೆ: "ಇದು ಸರಿಯಾಗಿಲ್ಲ. ಇದಕ್ಕೆ ನನ್ನ ಒಪ್ಪಿಗೆ ಇರುವುದಿಲ್ಲ." ಕೆಳಗೆ ಮುಖ್ಯಸ್ಥರ ಹೆಸರನ್ನೂ ಫೋಟೋವನ್ನೂ ತಾನೇ ಹಾಕಿಕೊಳ್ಳುವುದಾಗಿ ತಂತ್ರಾಂಶ ತಿಳಿಸಿತ್ತು. ಮುಖ್ಯಸ್ಥ ಎಂದರೆ ನಾನೇ ಅಲ್ಲವೇ ಎಂದು ಸಂತೋಷಪಟ್ಟೆ. ಮೊದಲು ಯಾರ ಹೆಸರು ಬರೆದಿದ್ದೇವೋ ಅವರೇ ಮುಖ್ಯಸ್ಥರು ಎಂಬ ಸಾಲನ್ನು ಮಾತ್ರ ಓದಿರಲಿಲ್ಲ.

ಪರೀಕ್ಷೆಗೆಂದು ಒರಲೆ ತಿಂದ ಪತ್ರವನ್ನೇ ಮೊದಲು ಸ್ಕ್ಯಾನ್ ಮಾಡಿದೆ. ಮಟಮಟ ಮಧ್ಯಾಹ್ನ. ಬನದಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಹಕ್ಕಿಗಳೂ ಸುಮ್ಮನಿದ್ದವು. ಕೋಣೆಯಲ್ಲಿ ನಾನೊಬ್ಬನೇ. ಕಿಸೆಯೊಳಗೆ ಫೋನು ಟಿಣ್ ಎಂದಿತು. ತೆಗೆದು ನೋಡಿದರೆ ಹಾರ ಹಾಕಿಕೊಂಡ ನಾರ್ಣಜ್ಜಯ್ಯ!

"ವಾಸುದೇವ ಅವರೇ, ತಾವು ಕಳುಹಿಸಿದ್ದನ್ನು ನೋಡಿದ್ದೇನೆ. ನಾರ್ಣಜ್ಜಯ್ಯ."

ಬರೆದದ್ದು ನಾನೇ ಎಂದು ಗೊತ್ತು. ಆದರೂ ಫೋಟೋಕ್ಕೆ ಬೆನ್ನು ಹಾಕಲು ಧೈರ್ಯ ಸಾಲದೆ, ಹಿಂದೆ ಹಿಂದೆ ನಡೆದು ಬಾಗಿಲು ದಾಟಿ, ಒಂದು ಚಪ್ಪಲಿ ಅಲ್ಲೇ ಬಿಟ್ಟು ಮನೆ ಸೇರಿದೆ.

ಕೂಡಲೇ ಸರಿಪಡಿಸಬೇಕಿತ್ತು. ಯಾಕೆ ಮಾಡಲಿಲ್ಲವೆಂದರೆ, ಅಷ್ಟರಲ್ಲಿ ಎಲ್ಲ ಮನೆಗಳಿಗೂ "ನಾನು ಕಾಯುತ್ತಿದ್ದೇನೆ" ಹೋಗಿಯಾಗಿತ್ತು. ನಾನು ಮೂರು ವರ್ಷ ಕಾಲಿಗೆ ಬಿದ್ದು ಕೇಳಿದರೂ ಕೊಡದಿದ್ದ ಹಳೆ ಕಾಗದಗಳು ಮೂರೇ ದಿನದಲ್ಲಿ ದಬದಬ ಬಂದು ಬಿದ್ದವು! ಉಪ್ಪುಂದದಿಂದ ನಾರ್ಣಜ್ಜಯ್ಯನ ತಂಗಿ, ಎಂಬತ್ತು ದಾಟಿದ ಪದ್ದತ್ತೆ, ರಿಕ್ಷಾ ಮಾಡಿಕೊಂಡು ಬಂದು ಒಂದು ಟ್ರಂಕನ್ನೇ ನನ್ನ ಅಂಗಳದಲ್ಲಿ ಇಳಿಸಿದರು.

"ಅಣ್ಣಯ್ಯ ಕಾಯ್ತಾ ಇದ್ರಂಬ್ರಲ್ಲ ಮಾರಾಯ. ಮೊಮ್ಮಗಳ್ ಫೋನಗೆ ಬಂತ್. ನಾಳೆ ನಾ ಮೇಲ್ ಹೋಯಿ ಅವ್ರಿಗೆ ಮೋರೆ ತೋರ್ಸುದ್ ಬ್ಯಾಡ್ದಾ? ಎಲ್ಲಾ ತಕಂಡ್ ಬಂದಿದೆ ಕಾಣ್," ಎಂದರು.

ಆಗಲಾದರೂ ಬಾಯಿ ಬಿಡಬೇಕಿತ್ತು. ಟ್ರಂಕಿನ ಆಸೆಗೆ ಸುಮ್ಮನಾದೆ. ಇದು ನನ್ನ ಪಾಪ, ಒಪ್ಪಿಕೊಳ್ಳುತ್ತೇನೆ.

ಹೀಗಿರುವಾಗ ಬ್ರಹ್ಮಾವರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಚಿಕ್ಕಪ್ಪನ ಮಗ ಸುಧಾಕರ, ಮಗಳು ಶ್ರಾವ್ಯಳ ಮದುವೆಯ ಕರೆಯೋಲೆ ಅಚ್ಚು ಹಾಕಿಸಿದ. ಮದುವೆಗೆ ಹದಿನೆಂಟೇ ದಿನ. "ಯಡ್ತರೆಗೆ ಬಪ್ಪದ್ ಬ್ಯಾಡ, ಫೋನಗೆ ಫೋಟೋ ತೆಗ್ದ್ ಅಲ್ಲಿಂದ್ಲೇ ಹಾಕ್, ಸೀದಾ ಹಿರಿಯರಿಗೆ ಮುಟ್ಟತ್," ಎಂದು ಫೋನಿನಲ್ಲಿ ಜಂಬ ಕೊಚ್ಚಿದವನು ನಾನು! ಅವನು ಅಂಗಡಿಯ ಮುಂದೆ ನಿಂತು, ಬಿಸಿಲಿನಲ್ಲಿ, ಮಿರಿಮಿರಿ ಮಿಂಚುವ ಕರೆಯೋಲೆಯ ಫೋಟೋ ತೆಗೆದು ಹಾಕಿದ. ಮಿಂಚು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಒಂದು ಗಂಟೆಯೊಳಗೆ ಬೈಕು ನನ್ನ ಮನೆಯ ಮುಂದೆ ನಿಂತಿತು. ಸುಧಾಕರನ ಮುಖದಲ್ಲಿ ರಕ್ತವೇ ಇರಲಿಲ್ಲ. ಫೋನು ನನ್ನ ಮುಂದೆ ಹಿಡಿದ. ಹಾರ ಹಾಕಿದ ಅಜ್ಜಯ್ಯ. "ಇದು ಸರಿಯಾಗಿಲ್ಲ. ಇದಕ್ಕೆ ನನ್ನ ಒಪ್ಪಿಗೆ ಇರುವುದಿಲ್ಲ."

"ವಾಸಣ್ಣ, ಅಜ್ಜಯ್ಯ ಒಪ್ಲಿಲ್ಲೆ. ಇನ್ನ್ ಹ್ಯಾಂಗೆ ಮದಿ ಮಾಡುದ್? ಅವ್ಳ್ ಅಬ್ಬಿ ಆಗಳಿಂದ ಕಣ್ಣೀರ್ ಹಾಕಿ ಮರ್ಕ್ತಾ ಇತ್ತ್. ಗಂಡಿನ್ ಮನ್ಯೋರಿಗೆ ಮದಿ ಮುಂದೆ ಹಾಕ್ತೊ ಅಂದ್ ಇವತ್ತೇ ಹೇಳ್ತೆ."

"ಒಂದ್ ದಿನ ತಡಿ, ನಾ ಕಾಣ್ತೆ," ಎಂದಷ್ಟೇ ಹೇಳಿ ಅವನನ್ನು ಕಳಿಸಿದೆ. ನಿಜ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪೋಸ್ಟ್ ಮಾಸ್ಟರಿನ ಮರ್ಯಾದೆ!

ಗುಟ್ಟಾಗಿ ಕೋಣೆಗೆ ಹೋಗಿ ನಾರ್ಣಜ್ಜಯ್ಯನನ್ನು ಅಳಿಸಲು ನೋಡಿದೆ. "ಮೊದಲ ಬಳಕೆದಾರರನ್ನು ತೆಗೆಯಲು ಸಾಧ್ಯವಿಲ್ಲ" ಎಂದಿತು. ಬದುಕಿದ್ದಾಗಲೂ ಸಾಧ್ಯವಿರಲಿಲ್ಲ ಬಿಡಿ. ಹಾಗಾದರೆ ಹೆಸರನ್ನಾದರೂ ಬದಲಾಯಿಸೋಣವೆಂದು, ಅಲ್ಲಿದ್ದ ಹೆಸರು ಅಳಿಸಿ ವಾಸುದೇವ ಎಂದು ಬರೆದೆ. ಫೋಟೋ ತೆಗೆಯಲು ಮರೆತೆ. ತಂತ್ರಾಂಶ ಎಷ್ಟು ಪ್ರಾಮಾಣಿಕವೆಂದರೆ, ಕೂಡಲೇ ಎಲ್ಲ ಮನೆಗಳಿಗೂ ತಿಳಿಸಿತು: "ನಾರ್ಣಜ್ಜಯ್ಯ ಅವರು ಈಗ ವಾಸುದೇವ."

ನನ್ನ ಫೋನಿಗೂ ಬಂತು. ಗಂಧದ ಹಾರದ ಫೋಟೋ, ಅದರ ಕೆಳಗೆ ನನ್ನ ಹೆಸರು. ನಾನು ಉಸಿರಾಡುತ್ತಿದ್ದೇನೆಯೇ ಎಂದು ಮೂಗಿನ ಹತ್ತಿರ ಕೈ ಹಿಡಿದು ನೋಡಿಕೊಂಡದ್ದು ನೆನಪಿದೆ.

ಅಷ್ಟರಲ್ಲಿ ಗಿರಿಜಳ ಫೋನ್. "ಹ್ವಾಯ್, ಮುಂಬೈಯಿಂದ ನಿಮ್ ಭಾವ ಫೋನ್ ಮಾಡಿರ್. ನೀವ್ ಯಾವಾಗ ತೀರ್ಕಂಡದ್ ಅಂದ್ ಕೇಂತ್ರ್. ಎಂತ ಹೇಳುದ್?"

"ಇನ್ನೂ ಇಲ್ಲೆ ಅಂದ್ ಹೇಳ್ ಮಾರಾಯ್ತಿ!"

ಗಾಬರಿಯಲ್ಲಿ ಹೆಸರನ್ನು ಮೊದಲಿನ ಹಾಗೆಯೇ ಮಾಡಿದೆ. ಟಿಣ್! ಎಲ್ಲ ಮನೆಗಳಿಗೂ ಮತ್ತೊಂದು ಹೋಯಿತು: "ವಾಸುದೇವ ಅವರು ಈಗ ನಾರ್ಣಜ್ಜಯ್ಯ."

ಇನ್ನೇನು ಬೇಕು? ನನ್ನ ಮೈಮೇಲೆ ಅಜ್ಜಯ್ಯ ಬಂದಿದ್ದಾರೆ ಎಂದಾಯಿತು.

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಸಮಿತಿ ಕೋಣೆಯ ಮುಂದೆ ಹತ್ತಿರದ ಮನೆಗಳವರೆಲ್ಲ ಸೇರಿದ್ದರು. ಬ್ರಹ್ಮಾವರದಿಂದ ಸುಧಾಕರನೂ ಮಗಳನ್ನು ಕರೆದುಕೊಂಡು ಬಂದಿದ್ದ. ಪದ್ದತ್ತೆ ತೆಂಗಿನಕಾಯಿಯನ್ನೂ ಅಡಿಕೆ ಹೂವಿನ ಸಿಂಗಾರವನ್ನೂ ತಂದಿದ್ದರು. ನನ್ನನ್ನು ಮಣೆಯ ಮೇಲೆ ಕೂರಿಸಿದರು. ಮೂವತ್ತು ಜೋಡಿ ಕಣ್ಣುಗಳು ನನ್ನನ್ನು ನೋಡುತ್ತಿದ್ದವು, ಆದರೆ ನನ್ನನ್ನಲ್ಲ, ನನ್ನೊಳಗೆ ಇನ್ನೊಬ್ಬರನ್ನು ಹುಡುಕುತ್ತಿದ್ದವು. ಅಂಥ ನೋಟವನ್ನು ಯಾರೂ ಅನುಭವಿಸಬಾರದು. ನನಗೇ ಒಂದು ಕ್ಷಣ ನಾನು ಯಾರೆಂದು ಅನುಮಾನ ಬಂತು.

ಪದ್ದತ್ತೆ ಕೈ ಮುಗಿದು ಕೇಳಿದರು, "ಅಣ್ಣಯ್ಯ, ಹೆಣ್ಣಿನ್ ಮದಿ ಮಾಡ್ಲಕ್ಕಾ? ಒಂದ್ ಮಾತ್ ಹೇಳಿ."

ಮಾಡಿ ಎಂದು ಒಂದು ಮಾತು ಗೊಗ್ಗರು ದನಿಯಲ್ಲಿ ಹೇಳಿದರೆ ಸಾಕಿತ್ತು! ಮದುವೆಯೂ ಆಗುತ್ತದೆ, ನನ್ನ ಮರ್ಯಾದೆಯೂ ಉಳಿಯುತ್ತದೆ. ಬಾಯಿ ತೆರೆದೆ. ಹಿಂದಿನಿಂದ ಗಿರಿಜ ಮೆಲ್ಲಗೆ ಅಂದಳು, "ಆ ಮುದುಕಿ ಎದ್ರಿಗ್ ಸುಳ್ಳ್ ಹೇಳಿರೆ ಇವತ್ತಿಂದ ನಿಮ್ಗೆ ಊಟ ಇಲ್ಲೆ."

ನಾಚಿಕೆಯಾಯಿತು. ಎಲ್ಲವನ್ನೂ ಹೇಳಿದೆ. ಮೊದಲ ಬಾಳೆ, ಬೀಗದ ಕೈ, ಒಕ್ಕಣೆ, ಓದದ ಸಾಲು, ಟ್ರಂಕಿನ ಆಸೆ, ಎಲ್ಲ! "ನಾನು ವಾಸುದೇವ! ಬರೀ ವಾಸುದೇವ! ತಪ್ಪು ನನ್ನದು!" ಎಂದು ಕೂಗಿದೆ.

ಪದ್ದತ್ತೆ ಕಣ್ಣೊರೆಸಿಕೊಂಡು ಪಕ್ಕದವರಿಗೆ ಹೇಳಿದರು, "ಅಣ್ಣಯ್ಯನೇ ಇದ್. ವಾಸು ಹುಟ್ಟಿದ್ ಮೇಲೆ ಒಂದ್ ಸಲವೂ ತಪ್ಪ್ ನನ್ದ್ ಅಂದ್ ಹೇಳಿದ್ದಿಲ್ಲೆ."

ಅಲ್ಲಿಗೆ ಮುಗಿಯಿತು ನನ್ನ ಕಥೆ ಎಂದುಕೊಂಡೆ. ಆಗ ಮುಂದೆ ಬಂದವಳು ಶ್ರಾವ್ಯ. ರಾತ್ರಿಯಿಡೀ ಅತ್ತು ಕಣ್ಣು ಊದಿತ್ತು. "ದೊಡ್ಡಯ್ಯ, ಅಪ್ಪಯ್ಯ ತೆಗ್ದದ್ ಫೋಟೋ ನಾ ಕಂಡಿದೆ, ಒಂದಕ್ಷರ ಕಾಣ್ತಿಲ್ಲೆ. ಎಲ್ಲರ ಎದ್ರಿಗೇ ಇನ್ನೊಂದ್ಸಲ ಹಾಕ್ತೆ," ಎಂದಳು. ಕರೆಯೋಲೆಯನ್ನು ನೆರಳಿನಲ್ಲಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಕೈ ಅಲುಗದಂತೆ ಫೋಟೋ ತೆಗೆದು ಹಾಕಿದಳು. ಎಲ್ಲರೂ ಅವಳ ಫೋನಿನ ಸುತ್ತ ಮುತ್ತಿಕೊಂಡರು. ಸುಧಾಕರ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ.

ಟಿಣ್.

ಶ್ರಾವ್ಯ ಗಟ್ಟಿಯಾಗಿ ಓದಿದಳು. "ತಾವು ಕಳುಹಿಸಿದ್ದನ್ನು ನೋಡಿದ್ದೇನೆ. ಚೆಂದ ಆಯ್ತ್ ಮಗಾ. ನಾರ್ಣಜ್ಜಯ್ಯ."

ಸುಧಾಕರ ನಿಂತಲ್ಲೇ ಕುಸಿದು ಅತ್ತ. ಪದ್ದತ್ತೆ ಫೋನನ್ನು ಕಣ್ಣಿಗೊತ್ತಿಕೊಂಡರು. ಮದುವೆ ನಿಶ್ಚಯಿಸಿದ ದಿನವೇ ಆಗುವುದೆಂದಾಯಿತು. ನಾನು ಮಾತ್ರ ಮಣೆಯ ಮೇಲೆ ಕಲ್ಲಾಗಿದ್ದೆ. ಯಾಕೆಂದರೆ ನನ್ನ ಒಕ್ಕಣೆ "ನೋಡಿದ್ದೇನೆ" ಎಂಬಲ್ಲಿಗೆ ಮುಗಿಯುತ್ತದೆ. ಆಮೇಲಿನ ಮೂರು ಮಾತುಗಳನ್ನು ನಾನು ಬರೆದಿಲ್ಲ!

ಎಲ್ಲರೂ ಹೋದ ಮೇಲೆ ಕಂಪ್ಯೂಟರು ತೆರೆದು ಒಕ್ಕಣೆಯನ್ನು ನೋಡಿದೆ. ನಾನು ಬರೆದಷ್ಟೇ ಇತ್ತು. ಶ್ರಾವ್ಯಳನ್ನು ಕೇಳಿದೆ, ದೇವರಾಣೆ ತಾನು ಬಂದದ್ದನ್ನೇ ಓದಿದ್ದೆಂದು ಫೋನು ತೋರಿಸಿದಳು. ಅದರಲ್ಲಿ ಆ ಮಾತು ಇದ್ದೇ ಇತ್ತು.

"ನಾನೇ ಬರೆದು ಮರೆತಿರಬಹುದಾ?" ಎಂದು ಗಿರಿಜಳನ್ನು ಕೇಳಿದೆ.

"ನಿಮ್ಗೆ ಅಷ್ಟ್ ಒಳ್ಳೆ ಮಾತ್ ಬತ್ತಿಲ್ಲೆ," ಎಂದಳು.

ಇಂದಿಗೂ ಅದಕ್ಕೆ ಉತ್ತರ ಸಿಕ್ಕಿಲ್ಲ. ಆ ಕೋಣೆಗೆ ನಾನು ಒಬ್ಬನೇ ಹೋಗುವುದೂ ಇಲ್ಲ.

ಮದುವೆ ಮುಗಿದ ಮುಂದಿನ ವಾರ ಸಮಿತಿಯ ಸಭೆ ಸೇರಿತು. ತಂತ್ರಾಂಶವನ್ನು ಆರಿಸಿದ್ದಕ್ಕೆ ನನಗೆ ಶಾಲು ಹೊದಿಸಬಹುದೆಂಬ ಸಣ್ಣ ಆಸೆಯಿಂದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಸುಧಾಕರ ಎದ್ದು ನಿಂತು, ಈ ಕೆಲವೇ ದಿನಗಳಲ್ಲಿ ಎಲ್ಲ ಮನೆಗಳ ಕಾಗದ ತರಿಸಿದವರು ಯಾರು, ತಪ್ಪಿದ್ದನ್ನು ತಪ್ಪು ಎಂದವರು ಯಾರು, ಸರಿಯಾದ್ದಕ್ಕೆ ಒಳ್ಳೆ ಮಾತು ಆಡಿದವರು ಯಾರು ಎಂದು ಕೇಳಿದ. ಆದಕಾರಣ ಕಾರ್ಯದರ್ಶಿ ಹುದ್ದೆಯನ್ನು ನಾರ್ಣಜ್ಜಯ್ಯನವರಿಗೇ ಮರಳಿ ಒಪ್ಪಿಸತಕ್ಕದ್ದೆಂದೂ, ವಾಸುದೇವನು ಅವರ ಕೈಕೆಳಗೆ ಸ್ಕ್ಯಾನ್ ಮಾಡಿಕೊಂಡಿರತಕ್ಕದ್ದೆಂದೂ ಸೂಚಿಸಿದ.

ಬದುಕಿರುವ ಅಭ್ಯರ್ಥಿಗೆ ಒಂದಾದರೂ ಮತ ಬೀಳಬಹುದೆಂದು ಸುತ್ತ ನೋಡಿದೆ. ನಾರ್ಣಜ್ಜಯ್ಯನ ಪರವಾಗಿ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಗಿರಿಜ. ಎರಡೂ ಕೈ ಎತ್ತಿದ್ದಳು!