ಪಾಲಣ್ಣನ ಬ್ರೇಕು ನೀರು ಕುಡಿದದ್ದು

ಹಿರೇಗುಂಟನೂರಿನ ಪಾಲಣ್ಣ ಜೀಪು ಕೊಂಡ ದಿನವೇ ಶಪಥ ಮಾಡಿದ: ತಾನು ಬದುಕಿರುವವರೆಗೆ ಈ ಗಾಡಿಯ ಸ್ಟೇರಿಂಗನ್ನು ಯಾವ ಡ್ರೈವರೂ ಮುಟ್ಟಕೂಡದು, ಬಾನೆಟ್ಟನ್ನು ಯಾವ ಮೆಕ್ಯಾನಿಕ್ಕೂ ಎತ್ತಕೂಡದು. ಮಿಲಿಟರಿಯವರು ಹರಾಜು ಹಾಕಿದ್ದ ಜೀಪು. ಅದು ಯಾವ ಯುದ್ಧದಲ್ಲಿ ಓಡಿತ್ತೋ ಯಾರಿಗೂ ಗೊತ್ತಿರಲಿಲ್ಲ. ಪಾಲಣ್ಣ ಮಾತ್ರ ಕೇಳಿದವರಿಗೆ ದಿನಕ್ಕೊಂದು ಯುದ್ಧದ ಹೆಸರು ಹೇಳುತ್ತಿದ್ದ. ಗಾಡಿ ಓಡಿಸುವುದನ್ನು ಕುರಿ ಮೇಯುವ ಬಯಲಿನಲ್ಲಿ ಮೂರು ದಿನದಲ್ಲಿ ಕಲಿತ. ಕುರಿಗಳು ದಾರಿ ಬಿಡುವುದನ್ನು ಒಂದೇ ದಿನದಲ್ಲಿ ಕಲಿತಿದ್ದವು.

ಪೆಟ್ರೋಲಿನ ಬೆಲೆ ದಿಢೀರನೆ ಏರಿದ ವರ್ಷ ಅದು. ಮಾವ ಜುಂಜಯ್ಯ ಮತ್ತೋಡಿನಿಂದ ಬಂದಿದ್ದ. ಮಗಳನ್ನು ಕೊಟ್ಟು ತಪ್ಪು ಮಾಡಲಿಲ್ಲವೆಂದು ಅವನಿಗೆ ಖಾತ್ರಿಪಡಿಸಲು ಪಾಲಣ್ಣನಿಗೆ ಜೋಗಿಮಟ್ಟಿ ಬೆಟ್ಟಕ್ಕಿಂತ ಎತ್ತರದ ಜಾಗ ತೋಚಲಿಲ್ಲ. ದುರ್ಗದಿಂದ ಬೆಟ್ಟದ ನೆತ್ತಿಯವರೆಗೆ ಸುತ್ತಿ ಸುತ್ತಿ ಏರುವ ರಸ್ತೆ. ಹೆಂಡತಿ ನಾಗಕ್ಕ ರೊಟ್ಟಿ ಬುತ್ತಿ ಮತ್ತು ಒಂದು ಬಿಂದಿಗೆ ನೀರು ಹಿಡಿದು ಹಿಂದೆ ಕುಳಿತಳು. ಹತ್ತುವಾಗ ಜೀಪು ಮರ್ಯಾದೆ ಉಳಿಸಿತು. ಮೇಲೆ ಗಾಳಿ ಕುಡಿದು, ರೊಟ್ಟಿ ತಿಂದು, ಮೂವರೂ ಇಳಿಯಲು ಹೊರಟರು.

ಮೊದಲ ತಿರುವಿನಲ್ಲೇ ಪಾಲಣ್ಣ ಗೇರನ್ನು ನ್ಯೂಟ್ರಲ್‌ಗೆ ತಂದು ಇಂಜಿನ್ ಬಂದ್ ಮಾಡಿದ.

"ಯಾಕಪ್ಪ, ಕೆಟ್ಟೋಯ್ತಾ?" ಎಂದ ಜುಂಜಯ್ಯ.

"ಇಳಿಜಾರಿಗೆ ಪೆಟ್ರೋಲ್ ಯಾಕೆ ಮಾವ? ಬೆಟ್ಟಾನೇ ತಳ್ತೈತೆ. ನಾನು ಬ್ರೇಕ್ ಮ್ಯಾಲೆ ಕಾಲಿಟ್ಕಂಡು ಕುಂತಿದ್ರೆ ಸಾಕು."

ಆಡಿದ ಮಾತಿಗೆ ತಪ್ಪದೆ ಅವನು ನಾಲ್ಕು ಮೈಲಿ ಬ್ರೇಕಿನಿಂದ ಕಾಲೆತ್ತಲಿಲ್ಲ. ಅಷ್ಟರಲ್ಲಿ ಜುಂಜಯ್ಯ ಮೂಗೆಳೆದ. ಐವತ್ತು ವರ್ಷ ಕುರಿಯ ನಡುವೆ ಬದುಕಿದ ಮೂಗು ಅದು.

"ನಾಗಿ, ಉಣ್ಣೆ ಸುಟ್ಟ ವಾಸನೆ ಬರ್ತೈತೆ. ನನ್ನ ಕಂಬಳಿ ನೋಡವ್ವ."

ಕಂಬಳಿ ಸುಖವಾಗಿತ್ತು. ಹೊಗೆ ಬರುತ್ತಿದ್ದುದು ಮುಂದಿನ ಚಕ್ರದಿಂದ. ಪಾಲಣ್ಣ ಬ್ರೇಕನ್ನು ಇನ್ನಷ್ಟು ಒತ್ತಿದ. ಕಾದು ಕೆಂಡವಾದ ಬ್ರೇಕು ಹಿಡಿಯುವುದನ್ನೇ ಮರೆತಿತ್ತು. ಎಡಕ್ಕೆ ಕಮರಿ, ಬಲಕ್ಕೆ ಗುಡ್ಡ. ಹೆಚ್ಚು ಯೋಚಿಸಲು ಪುರಸೊತ್ತಿಲ್ಲದ ಕಾರಣ ಅವನು ಸರಿಯಾದದ್ದನ್ನೇ ಆರಿಸಿ ಬಲಕ್ಕೆ ತಿರುಗಿಸಿದ. ಜೀಪು ಗೊಚ್ಚುಮಣ್ಣಿನ ದಿಬ್ಬ ಹತ್ತಿ, ಒಂದು ಜಾಲಿಪೊದೆಗೆ ಮುಖ ಕೊಟ್ಟು ನಿಂತಿತು.

"ಇಲ್ಲೇ ಇಳ್ಕಳಾದಾ?" ಎಂದ ಜುಂಜಯ್ಯ.

ಪಾಲಣ್ಣ ಕೆಳಗಿಳಿದು ಹಿಂದಿನಿಂದ ಬಿಂದಿಗೆ ಎತ್ತಿಕೊಂಡ.

"ನೀರು ಹುಯ್ಬ್ಯಾಡ್ರಿ. ಕಾದ ಹೆಂಚಿಗೆ ತಣ್ಣೀರು ಬಿದ್ರೆ ಏನಾಗ್ತೈತೆ ಅಂತ ನನಗೆ ಗೊತ್ತು. ತಾನಾಗೇ ಆರ್ಲಿ," ಎಂದಳು ನಾಗಕ್ಕ.

"ಇದು ಅಡಿಗೆಮನೆ ಅಲ್ಲ ಕಣೇ, ಮಿಲಿಟರಿ ಕಬ್ಬಿಣ," ಎಂದು ಪಾಲಣ್ಣ ಬಿಂದಿಗೆಯನ್ನು ಚಕ್ರದ ಮೇಲೆ ಬೋರಲು ಹಾಕಿದ.

ಚುಂಯ್ ಎಂದಿತು. ಎದ್ದ ಹಬೆಯಲ್ಲಿ ಅಳಿಯ ಸ್ವಲ್ಪ ಹೊತ್ತು ಕಾಣಿಸಲೇ ಇಲ್ಲ.

ಬ್ರೇಕು ಆರಿದ ಮೇಲೆ ಮತ್ತೆ ಹಿಡಿಯಿತು. ಆದರೆ ಅದರ ಸ್ವಭಾವ ಬದಲಾಗಿತ್ತು. ಒತ್ತಿದಾಗೆಲ್ಲ ಪೆಡಲು ಪಾಲಣ್ಣನ ಪಾದಕ್ಕೆ ತಿರುಗಿ ಗುದ್ದುತ್ತಿತ್ತು. ಜೀಪು ಗಡಗಡ ತಲೆಯಾಡಿಸುತ್ತ ನಿಲ್ಲುತ್ತಿತ್ತು. ದುರ್ಗ ಮುಟ್ಟುವಷ್ಟರಲ್ಲಿ ಜುಂಜಯ್ಯನ ಎಲೆಯಡಿಕೆ ಚೀಲ ಎರಡು ಸಲ ಚೆಲ್ಲಿ, ಹಣೆ ಒಂದು ಸಲ ಗಾಜಿಗೆ ಬಡಿಯಿತು. ಸ್ಟ್ಯಾಂಡಿನಲ್ಲಿ ಮತ್ತೋಡಿನ ಕಡೆ ಹೋಗುವ ಹೊಸದುರ್ಗದ ಬಸ್ಸು ಕಂಡದ್ದೇ ಅವನು ಇಳಿದುಬಿಟ್ಟ.

"ಬರ್ತೀನವ್ವ ನಾಗಿ. ನಿನ್ನ ಗಂಡನ್ನ ಚೆನ್ನಾಗಿ ನೋಡ್ಕ," ಎಂದು ಅಳಿಯನ ಕಡೆ ತಿರುಗದೆ ಬಸ್ಸು ಹತ್ತಿದ.

ಶಪಥ ಅಲ್ಲಿಗೆ ಮುಗಿಯಿತು. ಹೊಳಲ್ಕೆರೆ ರಸ್ತೆಯ ಚಿತ್ತಯ್ಯನ ಶೆಡ್ಡಿನ ಮುಂದೆ ಜೀಪು ನಿಂತಾಗ ಪಾಲಣ್ಣ ಇಳಿಯುತ್ತಲೇ ಹೇಳಿದ: "ನಮ್ಮ ಡ್ರೈವರ್ ಓಡ್ಸಿ ಏನೋ ಮಾಡವ್ನೆ, ನೋಡಪ್ಪ."

ಚಿತ್ತಯ್ಯ ಚಕ್ರ ಬಿಚ್ಚಿ, ಒಳಗಿನ ಬ್ರೇಕ್ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ, ಅದರ ಮೈಮೇಲೆ ಕಾದು ಮೂಡಿದ್ದ ನೀಲಿ ಕಲೆ ತೋರಿಸಿದ.

"ಬ್ರೇಕ್ ಒತ್ಕಂಡೇ ಇಳ್ಸವ್ನೆ. ಕಾದ್ರೆ ಕಬ್ಬಿಣ ಹಿಗ್ಗುತ್ತೆ. ಅದಕ್ಕೆ ನೀರು ಬೇರೆ ಹುಯ್ದವ್ನೆ. ನೀರು ಬಿದ್ದ ಕಡೆ ಗಬಕ್ಕನೆ ಕುಗ್ಗಿ ದುಂಡಗಿರಾದು ಸೊಟ್ಟ ಆಗೈತೆ. ಅದಕ್ಕೇ ಕಾಲಿಗೆ ಗುದ್ದಾದು. ಲೇತ್ ಮಿಷಿನ್ನಿಗೆ ಹಾಕಿ ಮತ್ತೆ ದುಂಡಗೆ ಕಡಿಸ್ಬೇಕು. ಇಂಜಿನ್ ಬಂದ್ ಮಾಡಿದ್ನಾ?"

"ಮಾಡಿದ್ನಂತೆ," ಎಂದ ಪಾಲಣ್ಣ.

"ಎಂಥ ಕತ್ತೆ ಅವ್ನು. ಹತ್ತಿದ ಗೇರಲ್ಲೇ ಇಳೀಬೇಕು, ಇಂಜಿನ್ನೇ ಗಾಡೀನ ಹಿಡಿತೈತೆ. ಬ್ರೇಕ್ ಒತ್ಬೇಕು, ಬಿಡ್ಬೇಕು. ಕಾದ್ರೆ ನೆರಳಿಗೆ ನಿಲ್ಸಿ ಬೀಡಿ ಸೇದ್ಕಂಡು ಕುಂತ್ಕಳಾದು. ನೋಡ್ರಿ, ಚಕ್ರದ ನಟ್ಟನ್ನೂ ಒಂದೇ ಕಡೆ ಬಿಗಿದವ್ನೆ. ಎದುರುಬದುರು ಒಂದೇ ಸಮ ಬಿಗೀದಿದ್ರೆ ಅದಕ್ಕೂ ಸೊಟ್ಟ ಆಗ್ತೈತೆ. ಬುದ್ಧಿ ಅನ್ನಾದು ಐತಾ ಅವ್ನಿಗೆ?"

"ಕಡಿಮೆ," ಎಂದು ಪಾಲಣ್ಣ ಒಪ್ಪಿಕೊಂಡ.

"ಇವತ್ತೇ ಬಿಡ್ಸಿ ಕಳಿಸ್ರಿ ಯಜಮಾನ್ರೆ, ಅಂಥೋರ್ನ ಇಟ್ಕಬಾರ್ದು."

"ಬಿಡಿಸ್ತೀನಿ."

ಅಷ್ಟು ಹೊತ್ತೂ ಖಾಲಿ ಬಿಂದಿಗೆ ಹಿಡಿದು ಶೆಡ್ಡಿನ ನೆರಳಲ್ಲಿ ಕುಳಿತಿದ್ದ ನಾಗಕ್ಕ ಆಗ ಬಾಯಿಬಿಟ್ಟಳು.

"ಅಂಗೆಲ್ಲ ಬಿಡ್ಸಾಕಾಗಲ್ಲ ಚಿತ್ತಣ್ಣ. ಹದಿನಾಲ್ಕು ವರ್ಷ ಆತು, ನಮ್ಮನೇಲೇ ಉಂಡ್ಕಂಡು ಅವ್ನೆ. ನನ್ನ ಮೂರು ಮಕ್ಳೂ ಅವನ್ನೇ ಅಪ್ಪ ಅಂತಾವೆ."